ಸಿಲಿಕೋನೋ, ಲವಣಜಲವೋ? — ಸ್ತನ ಪುನರ್ನಿರ್ಮಾಣದಲ್ಲಿ ಆಯ್ಕೆಯ ವಿಚಾರ

ಆರೋಗ್ಯದ ವಿಷಯವಾಗಿ ಬರೆಯುವ ಅಧಿಕಾರವು ವೈದ್ಯರಿಗೆ ಸಲ್ಲತಕ್ಕದ್ದು. ಈ ಲೇಖಕನಾದರೋ ವಾಣಿಜ್ಯಶಾಸ್ತ್ರದ ಪದವೀಧರ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಸಾಲಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಪರಿಶೀಲಿಸುತ್ತ ಬಂದವನು. ಆದರೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ರಕ್ತದೊತ್ತಡ, ಸಕ್ಕರೆ ರೋಗಗಳಂತಹ ಪರಿಚಿತ ವಿಷಯಗಳನ್ನು ಬಿಟ್ಟು, ನಾಲ್ಕು ಜನರ ನಡುವೆ ಹೆಸರೆತ್ತಲೂ ನಾವು ಸಂಕೋಚಪಡುವ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಅದರ ಕಾರಣವನ್ನು ಮೊದಲು ನಿವೇದಿಸುವುದು ಉಚಿತ.

ಧಾರವಾಡ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿರುವ ನನ್ನ ಅಕ್ಕನಿಗೆ 2017ರಲ್ಲಿ ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಎಂದು ಸಿದ್ಧವಾಯಿತು. ಚಿಕಿತ್ಸೆಗಾಗಿ ಅವಳು ಮುಂಬಯಿಗೆ ಬಂದು ಡೊಂಬಿವಲಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಹತ್ತು ತಿಂಗಳು ಉಳಿದಳು. ಸ್ತನವನ್ನು ಪೂರ್ಣವಾಗಿ ತೆಗೆಯಬೇಕಾಗುತ್ತದೆಂದೂ, ಬೇಕೆನಿಸಿದರೆ ಅದೇ ಸ್ಥಳದಲ್ಲಿ ಹೊಸದನ್ನು ನಿರ್ಮಿಸಬಹುದೆಂದೂ ಶಸ್ತ್ರವೈದ್ಯರು ತಿಳಿಸಿದರು. ಅವರು ಇಂಗ್ಲಿಷಿನಲ್ಲಿ ಹೇಳಿದುದನ್ನು ಅಕ್ಕನಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ನನ್ನದಾಯಿತು. ನಾನು ‘ಆ ಭಾಗ’, ‘ಆ ಜಾಗ’ ಎಂದು ತಡವರಿಸತೊಡಗಿದೆ. ಅಕ್ಕ ನನ್ನನ್ನು ತಡೆದು, “ನಾಕನೇ ಇಯತ್ತೆ ಮಕ್ಕಳಿಗೆ ಶರೀರದ ಪಾಠ ಹೇಳಾಕಿ ನಾನು. ನೀ ಹೆಸರು ಹೇಳಾಕ ಯಾಕ ನಾಚ್ತಿ?” ಎಂದಳು. ಅಂದಿನಿಂದ ನಾನು ಆ ಶಬ್ದವನ್ನು ನೇರವಾಗಿ ಉಚ್ಚರಿಸಲು ಕಲಿತೆ. ಅವಳ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದ ಸ್ತ್ರೀಯರಲ್ಲಿ ಅತಿ ಹೆಚ್ಚಾಗಿ ಕಾಣಬರುವ ಕ್ಯಾನ್ಸರ್ ಸ್ತನದ್ದೇ ಆಗಿದೆ. ಆದುದರಿಂದ ನಮ್ಮ ಬಂಧುವರ್ಗದಲ್ಲಿ ಯಾರಿಗಾದರೂ ಇಂತಹ ನಿರ್ಧಾರದ ಗಳಿಗೆ ಬರಬಹುದು. ಊರಿನಿಂದ ಚಿಕಿತ್ಸೆಗೆಂದು ಬರುವವರು ನಗರದಲ್ಲಿರುವ ನಮ್ಮಂಥವರ ಮನೆಗಳಲ್ಲಿಯೇ ಇಳಿದುಕೊಳ್ಳುತ್ತಾರೆ. ಕಾಗದಪತ್ರಗಳನ್ನು ಓದಿ ಹೇಳುವ ಕೆಲಸವೂ ನಮ್ಮ ಪಾಲಿಗೇ ಬರುತ್ತದೆ. ಅಂತಹವರಿಗೆ ಈ ಬರಹ ಕಿಂಚಿತ್ತಾದರೂ ನೆರವಾದರೆ ಶ್ರಮ ಸಾರ್ಥಕ.

ನನ್ನ ತಪ್ಪು ಲೆಕ್ಕ

ಅಕ್ಕನಿಗೆ ಶಸ್ತ್ರಚಿಕಿತ್ಸೆ ನಡೆದಾಗಲೇ ಚರ್ಮ ಮತ್ತು ಸ್ನಾಯುವಿನ ಅಡಿಯಲ್ಲಿ ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲವನ್ನು ಇರಿಸಿದರು. ಗಾಯ ಮಾಗಿದ ಬಳಿಕ ಅದಕ್ಕೆ ಆಗಾಗ ಸೂಜಿಯ ಮೂಲಕ ಸ್ವಲ್ಪ ಸ್ವಲ್ಪವೇ ಲವಣಜಲವನ್ನು ತುಂಬಿ ಚರ್ಮವನ್ನು ನಿಧಾನವಾಗಿ ಹಿಗ್ಗಿಸುತ್ತಾರೆ. ಸಾಕಷ್ಟು ಸ್ಥಳವಾದ ಮೇಲೆ ಈ ತಾತ್ಕಾಲಿಕ ಚೀಲವನ್ನು ತೆಗೆದು, ಇಂಪ್ಲಾಂಟ್ ಎಂದು ಕರೆಯುವ ದೀರ್ಘಕಾಲದ ಚೀಲವನ್ನು ಇಡುತ್ತಾರೆ. ಎಕ್ಸ್‌ಪ್ಯಾಂಡರಿನ ಸೂಜಿ ಚುಚ್ಚುವ ಬಾಯಿಯಲ್ಲಿ ಸಾಮಾನ್ಯವಾಗಿ ಅಯಸ್ಕಾಂತವಿರುವುದರಿಂದ, ಅದು ಒಳಗಿರುವಷ್ಟು ಕಾಲ ಎಂ.ಆರ್.ಐ. ಪರೀಕ್ಷೆಗೆ ಹೋಗುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಕೀಮೋಥೆರಪಿ ಮುಗಿಯುವವರೆಗೆ ಆರೇಳು ತಿಂಗಳ ಅವಕಾಶವಿತ್ತು. ಅಷ್ಟರಲ್ಲಿ ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟ್ ಬೇಕೋ, ಲವಣಜಲ ತುಂಬಿದುದು ಬೇಕೋ ಎಂಬುದನ್ನು ಯೋಚಿಸಿರಿ ಎಂದು ವೈದ್ಯರು ಹೇಳಿದರು.

“ನೀ ಲೆಕ್ಕದಾಂವ, ನೋಡಿ ಹೇಳು” ಎಂದು ಅಕ್ಕ ಆ ಕೆಲಸವನ್ನು ನನಗೆ ಒಪ್ಪಿಸಿದಳು. ನಾನು ಅಭ್ಯಾಸಬಲದಿಂದ ಹಾಳೆಯೊಂದರ ನಡುವೆ ಗೆರೆಯೆಳೆದು, ಎಡಕ್ಕೆ ಸಿಲಿಕೋನ್, ಬಲಕ್ಕೆ ಲವಣಜಲ ಎಂದು ಬರೆದು, ಒಂದೇ ಸಂಜೆಯಲ್ಲಿ ತೀರ್ಪನ್ನೂ ಕೊಟ್ಟೆ: ಲವಣಜಲವೇ ಕ್ಷೇಮಕರ, ಉಪ್ಪುನೀರು ತಾನೇ, ಸೋರಿದರೂ ಭಯವಿಲ್ಲ. ಅಕ್ಕ ಹಾಳೆಯನ್ನು ಓದಿ ಎರಡೇ ಪ್ರಶ್ನೆಗಳನ್ನು ಕೇಳಿದಳು. “ಉಪ್ಪುನೀರು ಖರೆ ತಮ್ಮಾ, ಆ ನೀರು ತುಂಬಿದ ಚೀಲ ಯಾತರದು?” ಎಂಬುದು ಮೊದಲನೆಯದು. “ಇದಾಗಲಿ ಅದಾಗಲಿ, ಒಡದ್ರ ನನಗ ಗೊತ್ತಾಗೂದು ಹ್ಯಾಂಗ?” ಎಂಬುದು ಎರಡನೆಯದು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವುಗಳ ಉತ್ತರವನ್ನು ವೈದ್ಯರಿಂದಲೂ ಗ್ರಂಥಗಳಿಂದಲೂ ಅರಸುತ್ತ ಹೋದಾಗ ತಿಳಿದುಬಂದ ಸಂಗತಿಗಳೇ ಈ ಲೇಖನದ ಹೂರಣ.

ಎರಡರ ರಚನೆ

ಮೊದಲ ಪ್ರಶ್ನೆಯ ಉತ್ತರವು ನನ್ನ ಹಾಳೆಯ ಅರ್ಧವನ್ನು ಅಳಿಸಿಹಾಕಿತು. ಎರಡೂ ಬಗೆಯ ಇಂಪ್ಲಾಂಟುಗಳ ಹೊರಪದರವು ಸಿಲಿಕೋನ್ ರಬ್ಬರಿನದೇ. ಭೇದವಿರುವುದು ಒಳಗೆ ತುಂಬಿದ ವಸ್ತುವಿನಲ್ಲಿ ಮಾತ್ರ. ‘ನನಗೆ ದೇಹದೊಳಗೆ ಸಿಲಿಕೋನ್ ಬೇಡ, ಆದುದರಿಂದ ಲವಣಜಲದ್ದನ್ನು ಇಡಿರಿ’ ಎಂದು ಹೇಳುವವರು ಈ ಅಂಶವನ್ನು ಲಕ್ಷಿಸಬೇಕು.

ಲವಣಜಲದ ಇಂಪ್ಲಾಂಟನ್ನು ಸಾಮಾನ್ಯವಾಗಿ ಖಾಲಿಯಾಗಿಯೇ ಒಳಗೆ ಸೇರಿಸಿ, ಅದರ ಕವಾಟದ ಮೂಲಕ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತುಂಬುತ್ತಾರೆ. ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತನಾಳಕ್ಕೆ ಏರಿಸುವ ಕ್ರಿಮಿರಹಿತ ಲವಣದ್ರಾವಣವೇ ಇಲ್ಲಿಯೂ ಬಳಕೆಯಾಗುತ್ತದೆ. ಖಾಲಿ ಚೀಲವಾದುದರಿಂದ ಚಿಕ್ಕ ಗಾಯದ ಮೂಲಕ ಸೇರಿಸಬಹುದು. ಇನ್ನೊಂದು ಸ್ತನಕ್ಕೆ ಸರಿಹೊಂದುವಂತೆ ಗಾತ್ರವನ್ನು ಕೊಂಚ ಹೆಚ್ಚು ಕಡಿಮೆ ಮಾಡಿಕೊಳ್ಳಲೂಬಹುದು. ಸಿಲಿಕೋನ್ ಇಂಪ್ಲಾಂಟಾದರೋ ಕಾರ್ಖಾನೆಯಲ್ಲಿಯೇ ತುಂಬಿ ಮುಚ್ಚಲ್ಪಟ್ಟು ನಿಶ್ಚಿತ ಗಾತ್ರಗಳಲ್ಲಿ ಬರುತ್ತದೆ. ಸೇರಿಸಲು ಗಾಯವೂ ತುಸು ದೊಡ್ಡದಾಗಬೇಕು. ಹಿಂದಿನ ಕಾಲದ ಜೆಲ್ ಹರಿಯುವಷ್ಟು ತೆಳುವಾಗಿತ್ತು. ಈಗಿನದು ಹೆಚ್ಚು ಗಟ್ಟಿಯಾಗಿದ್ದು, ಹೊರಪದರ ಸೀಳಿದರೂ ಬಹುಮಟ್ಟಿಗೆ ಒಂದೆಡೆಯಲ್ಲಿಯೇ ನಿಲ್ಲುವಂತೆ ತಯಾರಾಗುತ್ತದೆ.

ಸ್ವಲ್ಪ ಇತಿಹಾಸ

ಕಳೆದುಹೋದ ಅಂಗವನ್ನು ಮತ್ತೆ ಕಟ್ಟುವ ವಿದ್ಯೆ ಪರದೇಶದಿಂದ ಬಂದ ಷೋಕಿಯೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯು ಪುಣೆಯ ಸಮೀಪದಲ್ಲಿ ನಡೆದ ಶಸ್ತ್ರಚಿಕಿತ್ಸೆಯೊಂದನ್ನು ಚಿತ್ರಸಹಿತವಾಗಿ ವರ್ಣಿಸಿತು. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡಿದ್ದ, ಇಂಗ್ಲಿಷ್ ಸೇನೆಯ ಎತ್ತಿನ ಗಾಡಿಯವನಿಗೆ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿದ ವೃತ್ತಾಂತವದು. ಆ ವರದಿಯನ್ನು ಓದಿಯೇ ಯೂರೋಪಿನ ವೈದ್ಯರು ಈ ವಿದ್ಯೆಯಲ್ಲಿ ಹೊಸದಾಗಿ ಆಸಕ್ತಿ ತಳೆದರು.

ಸ್ತನದ ವಿಷಯಕ್ಕೆ ಬಂದರೆ, ಜರ್ಮನಿಯ ಶಸ್ತ್ರವೈದ್ಯ ಚೆರ್ನಿಯು 1895ರಲ್ಲಿ ರೋಗಿಯ ದೇಹದ ಬೇರೆ ಭಾಗದಲ್ಲಿದ್ದ ಕೊಬ್ಬಿನ ಗಂಟನ್ನೇ ತೆಗೆದು ಸ್ತನದ ಸ್ಥಾನದಲ್ಲಿರಿಸಿದನು. ಸಿಲಿಕೋನ್ ಜೆಲ್ಲಿನ ಚೀಲವು 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ವೈದ್ಯರಿಂದ ಮೊದಲ ಬಾರಿಗೆ ಬಳಕೆಗೆ ಬಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಲವಣಜಲದ ಚೀಲ ಬಂದಿತು.

ಆಮೇಲೆ ಸಿಲಿಕೋನಿನ ಮೇಲೆ ದೊಡ್ಡ ವಿವಾದವೆದ್ದಿತು. ಅದು ಸೋರಿ ಕೀಲುನೋವು ಮೊದಲಾದ ರೋಗಗಳನ್ನು ತರುತ್ತದೆಂಬ ಆರೋಪದ ಮೇಲೆ ಸಾವಿರಾರು ದಾವೆಗಳು ಹೂಡಲ್ಪಟ್ಟವು. 1992ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಬಳಸುವುದನ್ನು ನಿಲ್ಲಿಸಿ, ಪುನರ್ನಿರ್ಮಾಣಕ್ಕೆ ಮಾತ್ರ ನಿಯಂತ್ರಿತವಾಗಿ ಬಿಟ್ಟುಕೊಟ್ಟಿತು. ಪ್ರಮುಖ ತಯಾರಕರಾಗಿದ್ದ ಡೌ ಕಾರ್ನಿಂಗ್ ಸಂಸ್ಥೆಯು 1995ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 1999ರಲ್ಲಿ ಆ ದೇಶದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಎಲ್ಲ ಅಧ್ಯಯನಗಳನ್ನೂ ಪರಿಶೀಲಿಸಿ, ಅಂತಹ ರೋಗಗಳಿಗೂ ಸಿಲಿಕೋನ್ ಇಂಪ್ಲಾಂಟಿಗೂ ಸಂಬಂಧವಿರುವುದು ಸಿದ್ಧವಾಗಿಲ್ಲವೆಂದೂ, ಒಡೆಯುವುದು, ಬಿಗಿಯುವುದು ಮುಂತಾದ ಸ್ಥಾನಿಕ ತೊಂದರೆಗಳೇ ಮುಖ್ಯವೆಂದೂ ವರದಿ ಮಾಡಿತು. 2006ರ ನವೆಂಬರಿನಲ್ಲಿ ಸಿಲಿಕೋನಿಗೆ ಮತ್ತೆ ಮಂಜೂರಾತಿ ದೊರೆಯಿತು.

ಈ ಕಥೆಯಿಂದ ಸಿಲಿಕೋನ್ ನಿರ್ದೋಷಿಯೆಂದು ತಿಳಿಯಬಾರದು. ತಯಾರಕರನ್ನು ಕಣ್ಣುಮುಚ್ಚಿ ನಂಬಲೂಬಾರದು. 2010ರಲ್ಲಿ ಫ್ರಾನ್ಸಿನ ಪಿ.ಐ.ಪಿ. ಎಂಬ ಸಂಸ್ಥೆಯು ವೈದ್ಯಕೀಯ ದರ್ಜೆಯದಲ್ಲದ, ಕಾರ್ಖಾನೆಗಳ ಉಪಯೋಗದ ಅಗ್ಗದ ಸಿಲಿಕೋನನ್ನು ತುಂಬಿ ಮಾರುತ್ತಿದ್ದುದು ಬಯಲಾಯಿತು. ಅದರ ಸ್ಥಾಪಕನಿಗೆ 2013ರಲ್ಲಿ ಕಾರಾಗೃಹ ಶಿಕ್ಷೆ ವಿಧಿಸಲಾಯಿತು. ಬ್ಯಾಂಕಿನಲ್ಲಿ ಅಡವು ಚಿನ್ನವನ್ನು ಒರೆಗೆ ಹಚ್ಚದೆ ಸಾಲ ಕೊಡುವುದುಂಟೆ? ಹಾಗೆಯೇ ಇಲ್ಲಿಯೂ ತಯಾರಕರು ಯಾರು, ಪರವಾನಗಿ ಇದೆಯೇ ಎಂಬುದನ್ನು ವಿಚಾರಿಸುವುದು ನಮ್ಮ ಹಕ್ಕು. ಭಾರತದಲ್ಲಿ ವೈದ್ಯಕೀಯ ಉಪಕರಣಗಳ ಕುರಿತಾದ 2017ರ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದಿವೆ. ಆಮದು ಮಾಡುವವರು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯಿಂದ ಪರವಾನಗಿ ಪಡೆದಿರಬೇಕು.

ಒಡೆದರೆ ತಿಳಿಯುವ ಬಗೆ

ಅಕ್ಕನ ಎರಡನೆಯ ಪ್ರಶ್ನೆಯೇ ಈ ಆಯ್ಕೆಯ ಮರ್ಮವೆಂದು ನನಗೆ ಈಗ ಅನಿಸುತ್ತದೆ. ಯಾವ ಇಂಪ್ಲಾಂಟೂ ಆಜೀವ ಉಳಿಯುವ ವಸ್ತುವಲ್ಲ. ಕೆಲವರಿಗೆ ಹತ್ತು ವರ್ಷದೊಳಗೆ, ಕೆಲವರಿಗೆ ಬಹಳ ಕಾಲದ ಮೇಲೆ, ಅದನ್ನು ತೆಗೆಯುವ ಅಥವಾ ಬದಲಿಸುವ ಪ್ರಸಂಗ ಬರಬಹುದು. ವರ್ಷಗಳು ಕಳೆದಂತೆ ಒಡೆಯುವ ಸಂಭವವೂ ಹೆಚ್ಚುತ್ತದೆ. ಒಡೆದಾಗ ಎರಡೂ ನಡೆದುಕೊಳ್ಳುವ ರೀತಿ ಮಾತ್ರ ಪೂರ್ತಿ ಬೇರೆ.

ಲವಣಜಲದ ಚೀಲ ಒಡೆದರೆ ಕೆಲವು ಗಂಟೆಗಳಲ್ಲಿ ಇಲ್ಲವೆ ದಿನಗಳಲ್ಲಿ ಅದು ಸೊರಗಿ ಚಪ್ಪಟೆಯಾಗುತ್ತದೆ. ನೀರನ್ನು ದೇಹವು ನಿರಪಾಯವಾಗಿ ಹೀರಿಕೊಳ್ಳುತ್ತದೆ. ಕನ್ನಡಿಯ ಮುಂದೆ ನಿಂತರೆ ಸಾಕು, ತಿಳಿಯುತ್ತದೆ. ಖಾಲಿಯಾದ ಹೊರಪದರವನ್ನು ಮಾತ್ರ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ವಟಾಯಿಸದ ಚೆಕ್ಕು ಮರುದಿನವೇ ಹಿಂದಿರುಗಿ ಬರುವಂತೆ ಇದರ ದೋಷವು ತಾನಾಗಿ ಪ್ರಕಟವಾಗುತ್ತದೆ.

ಸಿಲಿಕೋನ್ ಹಾಗಲ್ಲ. ಚೀಲ ಸೀಳಿದರೂ ಜೆಲ್ ಅಲ್ಲಿಯೇ ನಿಲ್ಲುವುದರಿಂದ ಆಕಾರ ಕೆಡದೆ ಇರಬಹುದು, ನೋವೂ ಬಾರದೆ ಇರಬಹುದು. ವೈದ್ಯರು ಇದನ್ನು ಮೌನ ಛಿದ್ರವೆಂದು ಕರೆಯುತ್ತಾರೆ. ತಪಾಸಣಾಧಿಕಾರಿ ಬಂದು ಪುಸ್ತಕ ತೆರೆಯುವವರೆಗೂ ಹೊರಬೀಳದ ಲೆಕ್ಕದ ದೋಷದಂತೆ ಇದು ಪರೀಕ್ಷೆಯಿಲ್ಲದೆ ತಿಳಿಯದು. ಆದುದರಿಂದ, ಯಾವ ತೊಂದರೆಯೂ ಇಲ್ಲದಿದ್ದರೂ, ಶಸ್ತ್ರಚಿಕಿತ್ಸೆಯಾದ 5-6 ವರ್ಷಗಳಿಗೆ ಒಮ್ಮೆ, ಆನಂತರ 2-3 ವರ್ಷಗಳಿಗೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಬೇಕೆಂದು ಅಮೆರಿಕದ ಆಡಳಿತವು ಸಲಹೆ ಮಾಡಿದೆ. ಹಿಂದೆ 2006ರಲ್ಲಿ ಹೇಳಿದ್ದು ಮೂರು ವರ್ಷಕ್ಕೆ ಮೊದಲ ಎಂ.ಆರ್.ಐ., ಆಮೇಲೆ ಎರಡು ವರ್ಷಕ್ಕೊಮ್ಮೆ ಎಂದು. ಆ ಸಲಹೆ ಈಗ ಬದಲಾಗಿದೆ. ಲವಣಜಲದ ಇಂಪ್ಲಾಂಟಿಗೆ ಇಂತಹ ನಿಯತ ಪರೀಕ್ಷೆಯ ಅಗತ್ಯವಿಲ್ಲ.

ಪರೀಕ್ಷೆಯ ಸೌಕರ್ಯ ರೋಗಿಯ ಊರಿನಿಂದ ಎಷ್ಟು ದೂರ, ಕರೆದುಕೊಂಡು ಹೋಗುವವರು ಯಾರು, ಐದು ವರ್ಷಗಳ ನಂತರವೂ ಅದನ್ನು ನೆನಪಿಡುವವರು ಯಾರು ಎಂಬ ಪ್ರಶ್ನೆಗಳು ಆದುದರಿಂದ ವೈದ್ಯಕೀಯ ಪ್ರಶ್ನೆಗಳಷ್ಟೇ ಮುಖ್ಯವಾಗುತ್ತವೆ. ಆಸ್ಪತ್ರೆಯ ಕಾಗದಗಳಲ್ಲಿ ಇವು ಬರೆದಿರುವುದಿಲ್ಲ.

ಸ್ಪರ್ಶ ಮತ್ತು ಆಕಾರ

ಇದು ಕೇವಲ ಅಲಂಕಾರದ ಮಾತೆಂದು ನಾನು ಮೊದಲು ತಿಳಿದಿದ್ದೆ. ಸೀರೆಯ ಸೆರಗು ಜಾರುವುದು, ರವಿಕೆ ಒಂದು ಕಡೆ ಸಡಿಲವಾಗುವುದು, ತರಗತಿಯಲ್ಲಿ ಹಲಗೆಯ ಮೇಲೆ ಬರೆಯಲು ಕೈಯೆತ್ತುವಾಗ ಅಳುಕುವುದು — ಇವು ದಿನದಿನದ ಕಷ್ಟಗಳೆಂದು ಅಕ್ಕನಿಂದ ತಿಳಿದೆ.

ಸಿಲಿಕೋನ್ ಜೆಲ್ಲಿನ ಸ್ಪರ್ಶವು ಸಹಜ ಸ್ತನಕ್ಕೆ ಹೆಚ್ಚು ಸಮೀಪ. ಲವಣಜಲದ್ದು ನೀರು ತುಂಬಿದ ಚೀಲದಂತೆ ತೋರಬಹುದು. ಅಂಚುಗಳಲ್ಲಿ ಅಲೆಯಲೆಯಾದ ಸುಕ್ಕುಗಳು ಚರ್ಮದ ಮೇಲೆ ಕಾಣಬಹುದು. ಸೌಂದರ್ಯಕ್ಕಾಗಿ ಇಂಪ್ಲಾಂಟ್ ಇರಿಸಿಕೊಳ್ಳುವವರಲ್ಲಿ ಅದರ ಮೇಲೆ ಸಹಜ ಸ್ತನದ ಹೊದಿಕೆಯಿರುವುದರಿಂದ ಈ ಸುಕ್ಕು ಮುಚ್ಚಿಹೋಗುವ ಸಂಭವವುಂಟು. ಕ್ಯಾನ್ಸರಿಗಾಗಿ ಸ್ತನವನ್ನು ಪೂರ್ಣವಾಗಿ ತೆಗೆದವರಲ್ಲಿ ಉಳಿಯುವುದು ಚರ್ಮ, ಅದರ ಕೆಳಗಿನ ತೆಳು ಕೊಬ್ಬು, ಹೆಚ್ಚೆಂದರೆ ಸ್ನಾಯು. ಹೀಗಾಗಿ ಪುನರ್ನಿರ್ಮಾಣದಲ್ಲಿ ವೈದ್ಯರು ಬಹುಮಟ್ಟಿಗೆ ಸಿಲಿಕೋನಿನ ಪಕ್ಷ ವಹಿಸುತ್ತಾರೆ. ಅಕ್ಕ ತೆಳುಮೈಯವಳು; ನಮ್ಮ ವೈದ್ಯರೂ ಇದನ್ನೇ ಹೇಳಿದರು.

ಎರಡಕ್ಕೂ ಸಮಾನವಾದ ತೊಂದರೆಗಳು

ದೇಹವು ಪರಕೀಯ ವಸ್ತುವಿನ ಸುತ್ತ ತನ್ನದೇ ಪೊರೆಯೊಂದನ್ನು ಕಟ್ಟುತ್ತದೆ. ಇದು ಸ್ವಾಭಾವಿಕ. ಕೆಲವರಲ್ಲಿ ಆ ಪೊರೆ ಬಿಗಿದು, ಸ್ತನ ಗಟ್ಟಿಯಾಗಿ, ಆಕಾರ ಕೆಟ್ಟು, ನೋವುಂಟಾಗುತ್ತದೆ. ಇದರ ತೀವ್ರತೆಯನ್ನು ವೈದ್ಯರು ನಾಲ್ಕು ದರ್ಜೆಗಳಲ್ಲಿ ಅಳೆಯುತ್ತಾರೆ. ಮೂರು, ನಾಲ್ಕನೆಯ ದರ್ಜೆಗಳಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದು. ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಹೀಗೆ ಬಿಗಿಯುವುದೂ, ಸೋಂಕು, ಗಾಯ ಮಾಗದಿರುವುದು ಮೊದಲಾದ ಕಾರಣಗಳಿಂದ ಇಂಪ್ಲಾಂಟನ್ನು ತೆಗೆಯಬೇಕಾಗುವುದೂ ಹೆಚ್ಚು. ಆದುದರಿಂದ ‘ಯಾವ ಇಂಪ್ಲಾಂಟ್?’ ಎಂದು ಕೇಳುವ ಮುನ್ನ ‘ವಿಕಿರಣ ಚಿಕಿತ್ಸೆ ಇದೆಯೇ?’ ಎಂದು ಕೇಳತಕ್ಕದ್ದು. ಅಕ್ಕನಿಗೆ ಅದರ ಅಗತ್ಯ ಬೀಳಲಿಲ್ಲ. ಧೂಮಪಾನ, ಹತೋಟಿಯಿಲ್ಲದ ಮಧುಮೇಹಗಳೂ ಗಾಯ ಮಾಗಲು ಅಡ್ಡಿಯಾಗುತ್ತವೆ.

ಮತ್ತೊಂದು ವಿಷಯ ಹೊರಪದರದ ಮೇಲ್ಮೈಯದು. ಕೆಲವು ಇಂಪ್ಲಾಂಟುಗಳ ಮೇಲ್ಮೈ ನಯವಾಗಿಯೂ ಕೆಲವುಗಳದು ತರಿತರಿಯಾಗಿಯೂ ಇರುತ್ತದೆ. ತರಿಯಾದ ಮೇಲ್ಮೈಯವನ್ನು ಇರಿಸಿಕೊಂಡ ಸ್ತ್ರೀಯರಲ್ಲಿ, ವಿರಳವಾಗಿ, ಇಂಪ್ಲಾಂಟಿನ ಸುತ್ತಣ ಪೊರೆಯಲ್ಲಿ ಒಂದು ವಿಧದ ಲಿಂಫೋಮಾ ಹುಟ್ಟುವುದು ಕಂಡುಬಂದಿದೆ. ಇದು ಸ್ತನದ ಕ್ಯಾನ್ಸರಲ್ಲ, ರೋಗನಿರೋಧಕ ಕಣಗಳ ಕ್ಯಾನ್ಸರು. ಒಳಗೆ ತುಂಬಿದುದು ಸಿಲಿಕೋನಾಗಿರಲಿ ಲವಣಜಲವಾಗಿರಲಿ, ಮೇಲ್ಮೈಯೇ ಇಲ್ಲಿ ಮುಖ್ಯ. ಹಲವು ವರ್ಷಗಳ ಅನಂತರ ಒಂದು ಕಡೆ ಇದ್ದಕ್ಕಿದ್ದಂತೆ ನೀರು ತುಂಬಿ ಊದಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣ. ಬೇಗನೆ ಪತ್ತೆಯಾದರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ಣವಾಗಿ ತೆಗೆಯುವುದರಿಂದ ಬಹುತೇಕ ಗುಣವಾಗುತ್ತದೆ. 2019ರ ಜುಲೈಯಲ್ಲಿ ಅಲರ್ಗನ್ ಸಂಸ್ಥೆಯು ತನ್ನ ಬಯೋಸೆಲ್ ಎಂಬ ತರಿಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದೆಗೆದುಕೊಂಡಿತು.

ಇವಲ್ಲದೆ ಆಯಾಸ, ಕೀಲುನೋವು, ಮರೆವು, ಚರ್ಮದ ದದ್ದು ಮುಂತಾದ ತೊಂದರೆಗಳನ್ನು ಕೆಲವು ಸ್ತ್ರೀಯರು ಹೇಳಿಕೊಳ್ಳುತ್ತಾರೆ. ಇಂಪ್ಲಾಂಟನ್ನು ತೆಗೆಸಿದ ಮೇಲೆ ಕೆಲವರಿಗೆ ಉಪಶಮನವಾಗಿದೆ. ಕಾರಣ ಇನ್ನೂ ನಿರ್ಧಾರವಾಗಿಲ್ಲವಾದರೂ ಅವರ ಮಾತನ್ನು ಅಲ್ಲಗಳೆಯುವುದು ತರವಲ್ಲ. 2021ರ ಅಕ್ಟೋಬರಿನಿಂದ ಅಮೆರಿಕದಲ್ಲಿ ಈ ಎಲ್ಲ ಎಚ್ಚರಿಕೆಗಳನ್ನೂ ಚೌಕಟ್ಟಿನಲ್ಲಿ ಮುದ್ರಿಸಿ, ಪ್ರಶ್ನಾವಳಿಯೊಂದನ್ನು ರೋಗಿಯೊಂದಿಗೆ ಓದಿ ಸಹಿ ಪಡೆದ ಮೇಲೆಯೇ ಶಸ್ತ್ರಚಿಕಿತ್ಸೆ ನಡೆಸಬೇಕೆಂಬ ನಿಯಮವಾಗಿದೆ.

ಬೇರೆ ದಾರಿಗಳು

ಇಂಪ್ಲಾಂಟ್ ಒಂದೇ ಗತಿಯೆಂದು ಭಾವಿಸಬಾರದು. ಬೆನ್ನಿನ ಸ್ನಾಯು ಅಥವಾ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ಬಳಸಿ ಸ್ವಂತ ಅಂಗಾಂಶದಿಂದಲೇ ಸ್ತನವನ್ನು ಕಟ್ಟಬಹುದು. ಶಸ್ತ್ರಚಿಕಿತ್ಸೆ ದೀರ್ಘ, ಎರಡು ಕಡೆ ಗಾಯ. ಆದರೆ ಒಡೆಯುವ ಚೀಲವಿಲ್ಲ. ವಿಕಿರಣ ಚಿಕಿತ್ಸೆಯಾದವರಿಗೆ ಇದನ್ನು ಸೂಚಿಸುವುದುಂಟು. ಒಳಉಡುಪಿನಲ್ಲಿ ಇರಿಸಿಕೊಳ್ಳುವ ಸಿಲಿಕೋನಿನ ಕೃತಕ ಸ್ತನಗಳೂ, ಹತ್ತಿ ನೂಲಿನಿಂದ ಹೆಣೆದ ಹಗುರವಾದವುಗಳೂ ದೊರೆಯುತ್ತವೆ. ಏನೂ ಬೇಡವೆನ್ನುವುದೂ ಒಂದು ಗೌರವದ ನಿರ್ಧಾರವೇ. ಪುನರ್ನಿರ್ಮಾಣವನ್ನು ತಿಂಗಳುಗಳ, ವರ್ಷಗಳ ನಂತರವೂ ಮಾಡಿಸಬಹುದಾದುದರಿಂದ, ಕ್ಯಾನ್ಸರಿನ ಭಯದಲ್ಲಿ ಮುಳುಗಿರುವಾಗಲೇ ಎಲ್ಲವನ್ನೂ ತೀರ್ಮಾನಿಸಬೇಕೆಂಬ ನಿರ್ಬಂಧವಿಲ್ಲ.

ಹಣ, ವಿಮೆ, ಕಾಗದಪತ್ರ

ಇದು ನನ್ನ ಕ್ಷೇತ್ರವಾದುದರಿಂದ ತುಸು ಧೈರ್ಯದಿಂದ ಬರೆಯುತ್ತೇನೆ. ಸಾಮಾನ್ಯವಾಗಿ ಸಿಲಿಕೋನಿನ ಬೆಲೆ ಲವಣಜಲದ್ದಕ್ಕಿಂತ ಹೆಚ್ಚು. ಆದರೆ ಬೆಲೆಯ ಚೀಟಿಯನ್ನಷ್ಟೇ ನೋಡಿದರೆ ಸಾಲದು. ಮುಂದಿನ ಪರೀಕ್ಷೆಗಳು, ಪ್ರಯಾಣ, ಎಂದಾದರೊಮ್ಮೆ ಬರಬಹುದಾದ ಎರಡನೆಯ ಶಸ್ತ್ರಚಿಕಿತ್ಸೆ — ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಕ್ಕನ ಹೆಸರಿನಲ್ಲಿ ಇದಕ್ಕೆಂದೇ ಒಂದು ಆವರ್ತ ಠೇವಣಿಯನ್ನು ತೆರೆದಿದ್ದೇವೆ.

ಅಕ್ಕನ ವಿಮಾ ಹಕ್ಕುಪತ್ರವನ್ನು ಸಲ್ಲಿಸಿದಾಗ, ಸೌಂದರ್ಯಕ್ಕಾಗಿ ಮಾಡಿಸಿದ ಶಸ್ತ್ರಚಿಕಿತ್ಸೆಗೆ ಹಣ ಕೊಡಲಾಗದೆಂಬ ಉತ್ತರ ಮೊದಲು ಬಂದಿತು. ಆ ಪತ್ರವನ್ನು ಅಕ್ಕನಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ. ಕ್ಯಾನ್ಸರಿನ ಪರಿಣಾಮವಾಗಿ ಇದು ಅಗತ್ಯವಾಯಿತೆಂದು ಶಸ್ತ್ರವೈದ್ಯರಿಂದ ಪ್ರಮಾಣಪತ್ರ ಪಡೆದು ಮತ್ತೆ ಬರೆದ ಮೇಲೆ ಹಣ ಮಂಜೂರಾಯಿತು. ಈಗ ಈ ವಿಷಯ ಹೆಚ್ಚು ಸ್ಪಷ್ಟವಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸೌಂದರ್ಯ ಹಾಗೂ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗಳನ್ನು ವಿಮೆಯಿಂದ ಹೊರಗಿಡಬಹುದಾದರೂ, ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ಅನಂತರದ ಪುನರ್ನಿರ್ಮಾಣವು ಆ ಹೊರಗಿಡುವಿಕೆಗೆ ಒಳಪಡುವುದಿಲ್ಲ. ಪಾಲಿಸಿಯ ಆ ಕಲಮನ್ನು ಓದಿಕೊಂಡು, ಶಸ್ತ್ರಚಿಕಿತ್ಸೆಗೆ ಮುನ್ನವೇ ಲಿಖಿತ ಒಪ್ಪಿಗೆ ಪಡೆಯುವುದು ಲೇಸು.

ಇಂಪ್ಲಾಂಟಿನೊಂದಿಗೆ ತಯಾರಕರ ಹೆಸರು, ಮಾದರಿ, ಗಾತ್ರ, ಕ್ರಮಸಂಖ್ಯೆಗಳಿರುವ ಚೀಟಿಯೊಂದು ಬರುತ್ತದೆ. ಅದನ್ನು ಮುದ್ದತಿನ ಠೇವಣಿಯ ರಸೀದಿಯಂತೆ ಜೋಪಾನ ಮಾಡಬೇಕು. 2019ರ ಜುಲೈಯಲ್ಲಿ ಹಿಂದೆಗೆತದ ಸುದ್ದಿಯನ್ನು ಲೋಕಲ್ ಗಾಡಿಯಲ್ಲಿ ಓದಿದಾಗ ನನ್ನ ಕೈಕಾಲು ತಣ್ಣಗಾದುವು. ಠಾಣೆ ನಿಲ್ದಾಣದಲ್ಲಿಯೇ ಇಳಿದು ಊರಿಗೆ ದೂರವಾಣಿ ಮಾಡಿದೆ. ಅಕ್ಕ ಪಾಸುಬುಕ್ಕುಗಳ ನಡುವೆ ಇಟ್ಟಿದ್ದ ಚೀಟಿಯನ್ನು ತೆಗೆದು ಒಂದೊಂದೇ ಅಕ್ಷರವನ್ನು ಓದಿ ಹೇಳಿದಳು. ಮಾದರಿ ಬೇರೆ, ಮೇಲ್ಮೈ ನಯವಾದುದು. ಆ ಚೀಟಿ ಇಲ್ಲದಿದ್ದರೆ ನಾವು ಎಷ್ಟು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯುತ್ತಿದ್ದೆವೋ!

ಸೌಂದರ್ಯಕ್ಕಾಗಿ ಯೋಚಿಸುವವರಿಗೆ

ರೋಗದ ಕಾರಣವಿಲ್ಲದೆ, ಗಾತ್ರ ಹೆಚ್ಚಿಸಿಕೊಳ್ಳಲು ಬಯಸುವ ಯುವತಿಯರೂ ಮಹಾನಗರಗಳಲ್ಲಿ ಇದ್ದಾರೆ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ಈ ಲೇಖಕನ ಕೆಲಸವಲ್ಲ. ಈ ಉದ್ದೇಶಕ್ಕೆ ಅಮೆರಿಕದಲ್ಲಿ ಲವಣಜಲಕ್ಕೆ 18, ಸಿಲಿಕೋನಿಗೆ 22 ವರ್ಷ ತುಂಬಿರಬೇಕೆಂಬ ಮಿತಿಯಿದೆ. ಇಪ್ಪತ್ತೈದರಲ್ಲಿ ಇಂಪ್ಲಾಂಟ್ ಇರಿಸಿಕೊಂಡವರು ಐವತ್ತರೊಳಗೆ ಒಂದೆರಡು ಸಲವಾದರೂ ಬದಲಿಸಬೇಕಾಗಬಹುದೆಂಬುದನ್ನೂ, ಸ್ತನದ ಕ್ಷಕಿರಣ ಪರೀಕ್ಷೆಯಲ್ಲಿ ಇಂಪ್ಲಾಂಟ್ ಕೆಲವು ಭಾಗವನ್ನು ಮರೆಮಾಡುವುದರಿಂದ ಅಲ್ಲಿಯ ಸಿಬ್ಬಂದಿಗೆ ಮುಂದಾಗಿ ತಿಳಿಸಬೇಕೆಂಬುದನ್ನೂ, ಈ ಖರ್ಚಿಗೆ ವಿಮೆಯ ಆಸರೆ ಇಲ್ಲವೆಂಬುದನ್ನೂ ಅರಿತಿರಬೇಕು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಅಕ್ಕನ ಎರಡು ಪ್ರಶ್ನೆಗಳಿಗೆ ಕೆಲವನ್ನು ಸೇರಿಸಿ ಇಲ್ಲಿ ಕೊಟ್ಟಿದ್ದೇನೆ. ಓದುಗರು ಬರೆದುಕೊಂಡು ಹೋಗಬಹುದು.

1. ವಿಕಿರಣ ಚಿಕಿತ್ಸೆ ಆಗಬೇಕಾಗಿದೆಯೇ? ಆದರೆ ಇಂಪ್ಲಾಂಟ್ ಸೂಕ್ತವೇ?
2. ಪುನರ್ನಿರ್ಮಾಣವನ್ನು ಈಗಲೇ ಮಾಡಿಸಬೇಕೇ, ಮುಂದೂಡಬಹುದೇ?
3. ನನ್ನ ಚರ್ಮದ ಹೊದಿಕೆಗೆ ಯಾವುದು ಹೊಂದುತ್ತದೆ? ಸುಕ್ಕು ಕಾಣುವುದೇ?
4. ಮೇಲ್ಮೈ ನಯವೋ, ತರಿಯೋ?
5. ತಯಾರಕರು ಯಾರು? ಪರವಾನಗಿ ಇದೆಯೇ? ಚೀಟಿ ಕೊಡುವಿರಾ?
6. ಒಡೆದರೆ ತಿಳಿಯುವ ಬಗೆ ಹೇಗೆ? ಪರೀಕ್ಷೆ ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಎಷ್ಟು ಖರ್ಚು?
7. ಬದಲಿಸಬೇಕಾಗಿ ಬಂದರೆ ಏನು ಮಾಡುತ್ತೀರಿ?
8. ಸ್ವಂತ ಅಂಗಾಂಶದಿಂದ ಕಟ್ಟುವುದು ನನಗೆ ಸಾಧ್ಯವೇ?

ಉಪಸಂಹಾರ

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಅಕ್ಕ ಆರಿಸಿದ್ದು ನಾನು ಹೇಳಿದುದನ್ನಲ್ಲ. ಅವಳು ಸಿಲಿಕೋನನ್ನು ಆರಿಸಿದಳು. ಲವಣಜಲದ ಸುಕ್ಕು ತನ್ನ ತೆಳುಚರ್ಮದ ಮೇಲೆ ಎದ್ದು ಕಾಣುವುದು ಅವಳಿಗೆ ಬೇಡವಾಗಿತ್ತು. ಪರೀಕ್ಷೆಯ ವಿಷಯವಾಗಿ ನಾನು ಆತಂಕ ತೋರಿದಾಗ, “ರಜಾದಾಗ ಹ್ಯಾಂಗೂ ನಿಮ್ಮ ಮನಿಗೆ ಬರತೇನಿ. ಬಂದಾಗ ತೋರಿಸಿಕೊಂಡು ಹೋದ್ರಾತು” ಎಂದಳು. ನನ್ನ ಮನೆ ಮುಂಬಯಿಯಲ್ಲಿರುವುದೂ ಅವಳ ಲೆಕ್ಕದಲ್ಲಿ ಒಂದು ಅಂಶವಾಗಿತ್ತೆಂಬುದು ನನಗೆ ಹೊಳೆದಿರಲೇ ಇಲ್ಲ. ನಮ್ಮಂಥವರು ಯಾರೂ ಇಲ್ಲದ ಊರಿನವಳೊಬ್ಬಳು ಲವಣಜಲವನ್ನು ಆರಿಸಿಕೊಂಡರೆ ಅವಳದೂ ಸರಿಯಾದ ನಿರ್ಧಾರವೇ ಆಗುತ್ತದೆ.

2018ರ ಬೇಸಿಗೆಯಲ್ಲಿ ಎಕ್ಸ್‌ಪ್ಯಾಂಡರನ್ನು ತೆಗೆದು ಇಂಪ್ಲಾಂಟನ್ನು ಇರಿಸಿದರು. ಜೂನ್ ತಿಂಗಳಿನಲ್ಲಿ ಶಾಲೆ ಆರಂಭವಾಗುವ ಹೊತ್ತಿಗೆ ಅಕ್ಕ ಊರು ಸೇರಿದ್ದಳು. 2023ರ ಮೇ ತಿಂಗಳಲ್ಲಿ ಬಂದಾಗ ಮೊದಲ ಪರೀಕ್ಷೆ ನಡೆಯಿತು, ದೋಷವೇನೂ ಕಾಣಲಿಲ್ಲ. ಮುಂದಿನ ಪರೀಕ್ಷೆಗಳ ವರ್ಷಗಳನ್ನು ಅವಳು ತನ್ನ ದಿನಚರಿಯ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದಾಳೆ, ನಾನು ನನ್ನದರಲ್ಲಿ ಬರೆದುಕೊಂಡಿದ್ದೇನೆ. ಇನ್ನೊಂದು ಸ್ತನದ ಪರೀಕ್ಷೆಯನ್ನೂ ವರ್ಷವರ್ಷ ತಪ್ಪದೆ ಮಾಡಿಸುತ್ತಾಳೆ.

ಓದುಗರಲ್ಲಿ ಒಂದೇ ವಿಜ್ಞಾಪನೆ. ಮನೆಯ ಹೆಣ್ಣುಮಕ್ಕಳು ಗಂಟೊಂದು ಕೈಗೆ ತಗಲಿತೆಂದು ಹೇಳಿದಾಗ ಅದನ್ನು ಹಬ್ಬ ಮುಗಿಯಲಿ, ಮದುವೆ ಮುಗಿಯಲಿ ಎಂದು ಮುಂದಕ್ಕೆ ಹಾಕಬೇಡಿರಿ. ಆಮೇಲಿನ ಆಯ್ಕೆಗಳನ್ನು ಅವರ ಪರವಾಗಿ ನಾವೇ ಮಾಡಿಬಿಡುವುದೂ ಬೇಡ. ಕಾಗದಗಳನ್ನು ಓದಿ ಹೇಳುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ತಾರೀಖುಗಳನ್ನು ನೆನಪಿಡುವುದು ನಮ್ಮ ಕೆಲಸ. ಇಲ್ಲಿ ಹೇಳಿದುದು ವೈದ್ಯರ ಸಲಹೆಗೆ ಬದಲಿಯಲ್ಲ. ಅವರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂಬುದಕ್ಕೆ ಒಂದು ಟಿಪ್ಪಣಿ ಮಾತ್ರ.